ಇಪ್ಪತ್ತೆರಡನೇ ಬಸ್ಕಿ

ಬೇರೆಯವರ ಬಾಯಲ್ಲಿ ನೀವು ಇದನ್ನು ಕೇಳಿದ್ದರೆ ಮೊದಲು ಅದನ್ನು ಮರೆತುಬಿಡಿ. ಹಾಲಮ್ಮ ತನ್ನ ದಾರದ ಉಂಡೆಯಿಂದಲೇ ಎಲ್ಲ ಸರಿಹೋಯಿತು ಎಂದು ಕೊಚ್ಚಿಕೊಳ್ಳುತ್ತಾಳೆ. ತಕ್ಕಡಿ ಪರಸಪ್ಪ ತಾನಿಲ್ಲದಿದ್ದರೆ ಬೆಣ್ಣೆ ಮಂಡಿಯೇ ಮುಳುಗಿಹೋಗುತ್ತಿತ್ತು ಅನ್ನುತ್ತಾನೆ. ಅಲ್ಲಾ, ಬೆಣ್ಣೆ ಕರಗುತ್ತಿದ್ದದ್ದು ಯಾರ ಮಣೆಯ ಮೇಲೆ? ನನ್ನ ಮಣೆಯ ಮೇಲೆ. ಕುತ್ತಿಗೆಗೆ ಬಂದದ್ದು ಯಾರಿಗೆ? ನನಗೆ, ಗುರುಬಸಮ್ಮನಿಗೆ. ಹಾಗಾಗಿ ಹೇಳುವ ಹಕ್ಕೂ ನನ್ನದೇ. ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರುವುದಕ್ಕಾಗುವುದಿಲ್ಲ, ಅಷ್ಟು ಖುಷಿ.

ನಮ್ಮೂರಲ್ಲಿ ತಲೆಬಿಸಿ ಅಂದರೆ ತಲೆ ಬಿಸಿಯೇ. ಮಗಳ ಮದುವೆ ಗೊತ್ತುಮಾಡಿದ ಅಪ್ಪಂದಿರ ಬೋಳುತಲೆಯ ಮೇಲೆ ಒಂದು ಗಂಟೆಯಲ್ಲಿ ಹಪ್ಪಳ ಒಣಗುತ್ತದೆ. ಪರೀಕ್ಷೆಯ ದಿನ ಶಾಲೆಯ ಕಿಟಕಿಗಳಿಂದ ಹಬೆ ಬರುತ್ತದೆ. ಚಳಿಗಾಲದಲ್ಲಿ ಅತ್ತೆ ಸೊಸೆಯರಿಗೆ ಆಗದ ಮನೆಗೇ ನೆಂಟರು ಜಾಸ್ತಿ, ಬೆಚ್ಚಗಿರುತ್ತದೆ ಅಂತ. ಹೊರಗಿನಿಂದ ಬಂದವರಿಗೂ ಮೂರನೇ ದಿನಕ್ಕೆ ಶುರುವಾಗುತ್ತದೆ. ಆದರೆ ಇನ್ನೊಬ್ಬರ ತಲೆಯ ಬಿಸಿಯ ಬಗ್ಗೆ ಬಾಯಿ ಬಿಡುವಂತಿಲ್ಲ. ಅದು ಬೀದಿಯಲ್ಲಿ ನಿಂತು ಒಬ್ಬರ ಪಂಚೆ ಜಾರಿದೆ ಎಂದು ಕೂಗಿದ ಹಾಗೆ. ಸುಮ್ಮನೆ ಸ್ವಲ್ಪ ದೂರ ಸರಿಯಬೇಕು, ಅಷ್ಟೇ.

ಇಂಥ ಊರಲ್ಲಿ ಬೆಣ್ಣೆ ಮಂಡಿ ನಡೆಸುವುದು ತಮಾಷೆಯಲ್ಲ. ನಾವು ಹದಿನೆಂಟು ಹೆಂಗಸರು, ಉದ್ದನೆಯ ಕಲ್ಲು ಹಾಸಿನ ಪಡಸಾಲೆಯಲ್ಲಿ ಸೊಂಟದೆತ್ತರದ ಎರಡು ಸಾಲು ಮಣೆ, ನಿಂತೇ ಕೆಲಸ. ಬಾನಿಯಿಂದ ಬೆಣ್ಣೆ ತೆಗೆದು, ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಅರ್ಧ ಸೇರಿನ ಮುದ್ದೆ ಕಟ್ಟಿ, ಪರಸಪ್ಪನ ತಕ್ಕಡಿಗೆ ಹಾಕಿ, ಮುತ್ತುಗದ ಎಲೆಯಲ್ಲಿ ಸುತ್ತಿ ದಾರ ಬಿಗಿಯಬೇಕು. ಕೆಲಸ ಜೋರಾದಂತೆ ತಲೆ ಕಾಯುತ್ತದೆ, ತಲೆ ಕಾದಂತೆ ಬೆಣ್ಣೆ ಜಾರುತ್ತದೆ. ಅದಕ್ಕೇ ಗಂಟೆಗೊಮ್ಮೆ ಪರಸಪ್ಪ ತಕ್ಕಡಿಯ ತಟ್ಟೆಗೆ ತೂಕದ ಬೊಟ್ಟಿನಿಂದ ಠಣ್ ಎಂದು ಬಡಿಯುತ್ತಾನೆ. ನಾವೆಲ್ಲ ಸೆರಗು ಸಿಕ್ಕಿಸಿ, ಕೈ ಅಡ್ಡ ಮಾಡಿ ಎರಡೂ ಕಿವಿಯ ತುದಿ ಹಿಡಿದು ಬಸ್ಕಿ ಹೊಡೆಯುತ್ತೇವೆ. ನಾಲ್ಕು ಬಸ್ಕಿಗೆ ಬಿಸಿ ಕುತ್ತಿಗೆಗೆ ಬರುತ್ತದೆ, ಏಳಕ್ಕೆ ಮೊಣಕಾಲಿಗೆ, ಹತ್ತಕ್ಕೆ ಅಂಗಾಲಿನಿಂದ ಕಲ್ಲಿಗೆ ಇಳಿದುಹೋಗುತ್ತದೆ. ಆಹಾ, ಆಮೇಲೆ ನೋಡಬೇಕು! ತಲೆಯೊಳಗೆ ಯಾರೋ ಕಿಟಕಿ ತೆರೆದ ಹಾಗೆ. ನಗು ತಾನಾಗಿ ಬರುತ್ತದೆ, ಕೈ ತಾನಾಗಿ ಓಡುತ್ತದೆ. ಹತ್ತೊಂಬತ್ತು ವರ್ಷ ಹೀಗೇ ಕೆಲಸ ಮಾಡಿದ್ದೇನೆ. ಜತೆಯವರು ನನ್ನನ್ನು ಬಸಕ್ಕ ಅನ್ನುತ್ತಾರೆ, ರೇಗಿಸಬೇಕೆಂದಾಗ ಬಸ್ಕಿ ಬಸಕ್ಕ.

ಮಂಡಿಯಲ್ಲಿ ಹಳೆಯ ಕಟ್ಟಳೆಯೊಂದಿದೆ. ಒಬ್ಬರ ಮಣೆಯ ಮೇಲೆ ಒಂದು ಪೆಟ್ಟಿಗೆ ಬೆಣ್ಣೆ ಹಾಳಾದರೆ ಅವರ ಹೆಸರಿಗೆ ಒಂದು ಕರಗು. ಮೂರು ಕರಗು ಆದರೆ ತುಪ್ಪದ ಕೋಣೆಗೆ ಹೋಗಬೇಕು. ತುಪ್ಪದ ಕೋಣೆ ಹಿಂದುಗಡೆ ಇದೆ, ಕಿಟಕಿಯಿಲ್ಲ, ಹೊಗೆ. ಅಲ್ಲಿ ಬೆಣ್ಣೆ ಕಾಯಿಸಲು ತಲೆಯ ಬಿಸಿಯೂ ಬೇಕು, ಆರಬಾರದು, ಆರಿದರೆ ಸೌದೆ ಜಾಸ್ತಿ ಬೇಕಾಗುತ್ತದೆ. ಬೆಳಗ್ಗೆ ಬಂದ ಕೂಡಲೇ ಒಬ್ಬರಿಗೊಬ್ಬರು ಮನೆಯ ಕಷ್ಟ ಹೇಳಿಕೊಳ್ಳಲೇಬೇಕು. ಬಸ್ಕಿ ಹೊಡೆಯುವಂತಿಲ್ಲ, ನಗುವಂತಿಲ್ಲ. ನನ್ನ ದೊಡ್ಡಮ್ಮ ಅಲ್ಲಿಗೆ ಹೋದವಳು. ಊರಿಗೆಲ್ಲ ಹಾಡು ಹೇಳಿಕೊಂಡಿದ್ದ ಹೆಂಗಸು, ಎರಡು ವರ್ಷದಲ್ಲಿ ಹಬ್ಬದ ದಿನವೂ ಬರೀ ಕಷ್ಟ ಹೇಳುವಂತಾದಳು. ಅವಳನ್ನು ನೋಡಿದ ಮೇಲೆ ನನಗೆ ಸಾವಿಗಿಂತ ಆ ಕೋಣೆಯ ಭಯ ಜಾಸ್ತಿ.

ಅಂಥ ನನ್ನ ಹೆಸರಿಗೆ ಒಂದೇ ತಿಂಗಳಲ್ಲಿ ಎರಡು ಕರಗು ಬಂತು.

ಹಳೆಯ ಮೇನೇಜರು ವಯಸ್ಸಾಗಿ ಕೆಲಸ ಬಿಟ್ಟರು, ಹೊಸಬರು ಬಂದು ನಲವತ್ತು ದಿನ ಆಗಿತ್ತು. ಹೆಸರು ವಾಮನಮೂರ್ತಿ, ಆಳು ಆರಡಿ. ಬೇರೆ ಊರಿನವರು. ತಲೆಗೆ ಯಾವಾಗಲೂ ಒಂದು ದಪ್ಪನೆಯ ಕರಿ ಟೋಪಿ, ಕೈಯಲ್ಲಿ ಒಂದು ಸಣ್ಣ ನೋಟು ಪುಸ್ತಕ. ಬೈಯುವವರಲ್ಲ, ಗದರುವವರಲ್ಲ, ಬಹುವಚನ ಬಿಟ್ಟು ಮಾತಾಡುವವರಲ್ಲ. ಆದರೆ ನಾವು ಬಸ್ಕಿ ಹೊಡೆಯುವಾಗೆಲ್ಲ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತು, ಒಬ್ಬೊಬ್ಬರನ್ನೇ ನೋಡಿ, ತಲೆ ಅಲ್ಲಾಡಿಸಿ, ಏನೋ ಬರೆದುಕೊಳ್ಳುತ್ತಿದ್ದರು. ಕಣ್ಣಲ್ಲಿ ಒಂಥರಾ ಕನಿಕರ. ಯಾಕೆ ಅಂತ ನಮಗೆ ತಿಳಿಯುತ್ತಿರಲಿಲ್ಲ. ಆಮೇಲೆ ಇಳಿದು ಬಂದು, ಮೆಟ್ಟಿಲ ಬುಡದಲ್ಲೇ ಇದ್ದ ನನ್ನ ಮಣೆಯ ಪಕ್ಕ ನಿಂತು, "ದಾರ ಇನ್ನೂ ಬಿಗಿಯಾಗಿರಲಿ ಗುರುಬಸಮ್ಮನವರೇ" ಎಂದೋ ಏನೋ ಹೇಳಿ ಹೋಗುತ್ತಿದ್ದರು. ಎರಡು ಸಲ ಅವರು ಹೋದ ಮೇಲೆ ನೋಡಿದರೆ ನನ್ನ ಪೆಟ್ಟಿಗೆಯ ಮುದ್ದೆಗಳು ಮಜ್ಜಿಗೆ ಹುಳಿಯ ಹಾಗೆ ಹರಿದುಬಿಟ್ಟಿದ್ದವು. ನನ್ನ ತಲೆಯೇ ಕೆಟ್ಟಿದೆ ಎಂದುಕೊಂಡೆ. ಹತ್ತು ಹೊಡೆಯುವವಳು ಹದಿನೈದು ಹೊಡೆದೆ, ಇಪ್ಪತ್ತೊಂದು ಹೊಡೆದೆ. ನಾನು ಹೊಡೆದಷ್ಟೂ ಅವರು ಬರೆದರು.

ಆ ದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮಂಡಿಯಲ್ಲಿ ಗಲಾಟೆಯೋ ಗಲಾಟೆ. ಹೊಳೆಯಾಚೆಯ ದೋಸೆ ಹೋಟೆಲುಗಳವರೆಲ್ಲ ಸೇರಿ ಎಂಟುನೂರು ಮುದ್ದೆ ಬೇಕು ಅಂದಿದ್ದರು, ಮೂರು ಗಂಟೆಯ ರೈಲಿಗೆ! ನಾವು ದಿನವಿಡೀ ಮಾಡಿದರೂ ನಾನೂರು ದಾಟಿದವರಲ್ಲ. ಪಕ್ಕದ ಮಣೆಯ ಹಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಯಕ್ಕಾ, ಇವತ್ತು ಕೈ ತೋರಿಸೇಬಿಡೋಣ!" ಅಂದಳು. ನನಗೂ ಹುಚ್ಚು ಹುರುಪು ಬಂತು. ಬಾನಿಗಳು ಉರುಳಿದವು, ಎಲೆಯ ಕಟ್ಟುಗಳು ಬಿಚ್ಚಿಕೊಂಡವು, ಬೆಣ್ಣೆಯ ಮೇಲೆ ಅಂಗೈ ಬೀಳುವ ಪಟಪಟ ಸದ್ದು ಪಡಸಾಲೆ ತುಂಬಿತು.

ಹತ್ತು ಗಂಟೆಯ ಬಸ್ಕಿ ಮುಗಿದದ್ದೇ ಮೇನೇಜರು ನನ್ನನ್ನು ಕೋಣೆಗೆ ಕರೆದರು. ಎದುರಿಗೆ ಆ ನೋಟು ಪುಸ್ತಕ.

"ಗುರುಬಸಮ್ಮನವರೇ, ಸೋಮವಾರ ಹದಿನೈದು. ಮಂಗಳವಾರ ಹದಿನೆಂಟು. ನಿನ್ನೆ ಇಪ್ಪತ್ತೊಂದು. ಇದೇನು ಇದು?"

"ಕಮ್ಮಿ ಆಯ್ತಾ ಸಾರ್?" ನಾನು ಹೆದರಿಕೊಂಡೇ ಕೇಳಿದೆ. "ಇವತ್ತು ಮೂವತ್ತು ಹೊಡೀತೀನಿ."

"ಅಯ್ಯೋ ಮೂವತ್ತು ಯಾಕಮ್ಮ! ಮಾಡೋದನ್ನೇ ನಿಲ್ಲಿಸಿ."

"ನಿಲ್ಸಿದ್ರೆ ಕರಗೋಗುತ್ತಲ್ಲ ಸಾರ್."

"ಹೊಡೆದೂ ಕರಗಿದೆಯಲ್ಲ, ಎರಡು ಸಲ. ನೋಡಿ, ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಇನ್ನೊಂದು ಕರಗು ಬಂತೋ, ಕಟ್ಟಳೆ ಕಟ್ಟಳೆಯೇ. ನಾಳೆಯಿಂದ ತುಪ್ಪದ ಕೋಣೆ."

ನಾನು ಹೊರಗೆ ಹೊರಟೆ. ಅವರು ಜೇಬಿನಿಂದ ಗುಳಿಗೆಯೊಂದನ್ನು ತೆಗೆದು ನೀರಿನೊಂದಿಗೆ ನುಂಗಿ, ನನ್ನ ಹಿಂದೆಯೇ ಹೊರಗೆ ಬಂದರು. ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಎತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಇವತ್ತು ದೊಡ್ಡ ಕೆಲಸ ಇದೆ. ಇವತ್ತು ಯಾರೂ ಕಿವಿ ಹಿಡ್ಕೊಳ್ಳೋದು ಬೇಡ, ಬಸ್ಕಿ ಬೇಡ. ಇಲ್ಲಿವರೆಗಿನದನ್ನೆಲ್ಲ ನಾನು ಕ್ಷಮಿಸಿದ್ದೀನಿ!"

ಹಾಲಮ್ಮ ನನ್ನ ಕಿವಿಯಲ್ಲಿ, "ಏನನ್ನ ಕ್ಷಮಿಸಿದ್ರಂತೆ?" ಅಂದಳು. ನನಗೇನು ಗೊತ್ತು? ಅವರು ತುಂಬ ಸಂತೋಷದಿಂದ ಒಳಗೆ ಹೋದರು, ಯಾರಿಗೋ ಉಪಕಾರ ಮಾಡಿದ ಮುಖ.

ಹನ್ನೊಂದಕ್ಕೆ ಪರಸಪ್ಪ ತಟ್ಟೆ ಬಡಿಯಲಿಲ್ಲ. ಹನ್ನೊಂದೂವರೆಗೆ ಹದಿನೆಂಟು ತಲೆಗಳಿಂದ ಸಣ್ಣಗೆ ಹಬೆ ಏಳತೊಡಗಿತು. ಮುಡಿದ ಹೂವು ಬಾಡಿತು. ಮುನ್ನೂರ ಹತ್ತು ಮುದ್ದೆ ಆಗಿತ್ತು, ಮುನ್ನೂರ ಹನ್ನೊಂದನೆಯದು ನನ್ನ ಅಂಗೈಯಲ್ಲಿ ಮೀನಿನ ಹಾಗೆ ಜಾರಿತು. ನನಗೆ ದೊಡ್ಡಮ್ಮನ ಮುಖ ನೆನಪಿಗೆ ಬಂತು, ಆ ನೆನಪಿಗೆ ತಲೆ ಇನ್ನಷ್ಟು ಕಾಯಿತು, ಇನ್ನೊಂದು ಮುದ್ದೆ ಜಾರಿತು. ಅಳುವುದೊಂದು ಬಾಕಿ. ಅಷ್ಟರಲ್ಲಿ ಹಾಲಮ್ಮನ ದಾರದ ಉಂಡೆ ಕೆಳಗೆ ಬಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡು ಎದ್ದಳು. ಎದ್ದವಳ ಮುಖ ನೋಡಿದೆ, ಅವಳೂ ನನ್ನ ಮುಖ ನೋಡಿದಳು. ಬೇಕೆಂದೇ ಉಂಡೆ ಮತ್ತೆ ಬೀಳಿಸಿದಳು, ಮತ್ತೆ ಕೂತಳು, ಮತ್ತೆ ಎದ್ದಳು. "ಅಯ್ಯೋ, ಈ ದಾರಕ್ಕೇನು ಬಂದೈತವ್ವಾ ಇವತ್ತು!" ಎಂದು ದೊಡ್ಡದಾಗಿ ಅಂದಳು. ನನಗೆ ತಿಳಿಯಿತು. ನನ್ನ ಉಂಡೆಯನ್ನೂ ತಳ್ಳಿದೆ. ಪಕ್ಕದವಳು ಎಲೆ ಬೀಳಿಸಿದಳು, ಅದರ ಪಕ್ಕದವಳು ಬಳೆ ಬೀಳಿಸಿದಳು. ಎರಡು ನಿಮಿಷದಲ್ಲಿ ಇಡೀ ಪಡಸಾಲೆ ಏನೇನೋ ಬೀಳಿಸುತ್ತಿತ್ತು, ಕೂರುತ್ತಿತ್ತು, ಏಳುತ್ತಿತ್ತು. ಪರಸಪ್ಪ ಐದು ಸೇರಿನ ಬೊಟ್ಟು ಬೀಳಿಸಿ, ಅದನ್ನು ಎತ್ತಿ ಮತ್ತೆ ಬೀಳಿಸಿ, ಅರವತ್ತರ ಮುದುಕ ಉಸ್ಸೆಂದು ನಕ್ಕ. ಮೇನೇಜರು ಬಾಗಿಲಿಗೆ ಬಂದು ನೋಡಿದರು. ಯಾರ ಕೈಯೂ ಕಿವಿಯ ಮೇಲಿಲ್ಲ. "ಸ್ವಲ್ಪ ನಿಗಾ ಇಟ್ಟು ಕೆಲಸ ಮಾಡ್ರಮ್ಮ" ಎಂದು ಒಳಗೆ ಹೋದರು. ನಗು ತಡೆಯಲಾರದೆ ಹಾಲಮ್ಮ ಬಾನಿಯೊಳಗೆ ಮುಖ ಇಟ್ಟಳು.

ಕಿವಿ ಹಿಡಿಯದಿದ್ದರೂ ಬಿಸಿ ಇಳಿಯುತ್ತದೆ ಎಂದು ನಮಗೆ ಗೊತ್ತಾದದ್ದು ಅವತ್ತೇ. ಸ್ವಲ್ಪ ಜಾಸ್ತಿ ಕೂರಬೇಕು, ಅಷ್ಟೇ. ನೀರಿಗೆ ಒಬ್ಬರು ಹೋಗುವ ಕಡೆ ನಾಲ್ಕು ಜನ ಓಡಿದೆವು. ಪೆಟ್ಟಿಗೆ ಹೊರುವಾಗ ಮೆಟ್ಟಿಲನ್ನು ಎರಡೆರಡು ಹತ್ತಿದೆವು. ತಲೆ ತಣ್ಣಗಾಯಿತು, ಬೆರಳು ಹಗುರವಾಯಿತು, ಮುದ್ದೆ ಮೇಲೆ ಮುದ್ದೆ! ಒಂದು ಗಂಟೆಗೆ ಐದುನೂರ ಎಪ್ಪತ್ತು. ಎರಡಕ್ಕೆ ಏಳುನೂರ ಇಪ್ಪತ್ತು. ಊಟ ಯಾರಿಗೂ ನೆನಪೇ ಆಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅಂಥ ಕೆಲಸ ನಾನು ಮಾಡಿರಲಿಲ್ಲ. ಕೂಗಿಬಿಡಬೇಕು ಅನ್ನಿಸುತ್ತಿತ್ತು.

ಎರಡು ಗಂಟೆ ದಾಟಿದ ಮೇಲೆ ಮೇನೇಜರಿಗೆ ಕೋಣೆಯಲ್ಲಿ ಕೂರುವುದಕ್ಕಾಗಲಿಲ್ಲ. ಕೆಳಗೆ ಇಳಿದು ಬಂದು ನನ್ನ ಹಿಂದೆಯೇ ನಿಂತರು. "ಇನ್ನೆಷ್ಟು? ರೈಲು ತಪ್ಪಿದ್ರೆ ನನ್ನ ಮಾನ ಹೋಯ್ತು. ಇನ್ನೆಷ್ಟು ಬಾಕಿ?" ಎಂದು ಒಂದೇ ಸಮ. ನನ್ನ ಕುತ್ತಿಗೆಗೆ ಝಳ ಬಡಿಯಿತು. ಮಣೆಯ ಮೇಲಿದ್ದ ಮೂವತ್ತು ಮುದ್ದೆಗಳಲ್ಲಿ ಹಿಂದಿನ ಸಾಲು ಮೆಲ್ಲಗೆ ಹೊಟ್ಟೆ ಬಿಟ್ಟುಕೊಂಡು ಕೂತಿತು. ಆದರೆ ಒಂದು ವಿಷಯ ಗಮನಿಸಿದೆ. ಕರಗುತ್ತಿದ್ದದ್ದು ನನ್ನ ಮುಂದಿನ ಸಾಲಲ್ಲ, ಅವರು ನಿಂತ ಕಡೆಯದು. ಬೆರಳ ತುದಿಯಲ್ಲಿ ಒಂದು ಚೂರು ಬೆಣ್ಣೆ ತೆಗೆದು ನನ್ನ ಬೈತಲೆಯ ಮೇಲೆ ಇಟ್ಟುಕೊಂಡೆ. ಅದು ಇಟ್ಟಲ್ಲೇ ಗಟ್ಟಿಯಾಗಿ ಕೂತಿತ್ತು.

ಅವರು ಮುದ್ದೆಗಳನ್ನು ನೋಡಿಬಿಟ್ಟರು. "ಛೆ, ಗುರುಬಸಮ್ಮನವರೇ!" ನಿಜವಾಗಿಯೂ ನೊಂದುಕೊಂಡೇ ನೋಟು ಪುಸ್ತಕ ತೆಗೆದರು. "ಮೂರನೇದು ಆಗಿಹೋಯ್ತಲ್ಲಮ್ಮ."

ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ನಮ್ಮೂರಲ್ಲಿ ಹುಟ್ಟಿದ ಯಾರೂ ಇನ್ನೊಬ್ಬರಿಗೆ ಹೇಳಬಾರದ್ದನ್ನು ನಾನು ಎಲ್ಲರೆದುರಿಗೆ ಕೂಗಿ ಹೇಳಿದೆ. "ಸಾರ್, ನನ್ನ ತಲೆ ತಣ್ಣಗೈತೆ. ಬಿಸಿ ಆಗಿರೋದು ನಿಮ್ಮ ತಲೆ!"

ಪರಸಪ್ಪನ ಕೈಯಿಂದ ಬೊಟ್ಟು ಬಿತ್ತು. ಈ ಸಲ ಬೇಕೆಂದು ಬೀಳಿಸಿದ್ದಲ್ಲ. ಯಾರೋ "ಅಯ್ಯಯ್ಯೋ" ಎಂದು ಬಾಯಿಗೆ ಸೆರಗು ಹಿಡಿದರು.

ವಾಮನಮೂರ್ತಿಯವರು ಬೇಸರ ಮಾಡಿಕೊಳ್ಳಲಿಲ್ಲ, ಕಕ್ಕಾಬಿಕ್ಕಿಯಾದರು. "ಹೌದು, ಜ್ವರ ಅದು. ನಿಮ್ಮೂರಿಗೆ ಬಂದಾಗಿಂದ ಬಿಟ್ಟೇ ಇಲ್ಲ. ಗುಳಿಗೆ ತಗೊಂಡ್ರೂ ಇಳೀತಿಲ್ಲ. ಅದಕ್ಕೇ ಗಾಳಿ ತಾಗಬಾರದು ಅಂತ ಈ ಟೋಪಿ."

"ಟೋಪಿ ತೆಗೀರಿ ಸಾರ್."

ಏನನ್ನಿಸಿತೋ, ತೆಗೆದರು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಭುಸ್ಸೆಂದು ಎದ್ದಿತು. ನಾನು ಖಾಲಿ ಪೆಟ್ಟಿಗೆಯೊಂದನ್ನು ಹತ್ತಿ, ಗೋಲಿಯಷ್ಟು ಬೆಣ್ಣೆ ಅವರ ನೆತ್ತಿಯ ಮೇಲೆ ಇಟ್ಟೆ. ಇಟ್ಟ ಕೈ ತೆಗೆಯುವುದರೊಳಗೆ ಕರಗಿ ಎರಡೂ ಕಿವಿಯ ಹಿಂದೆ ಹರಿದು ಕಾಲರಿನೊಳಗೆ ಇಳಿಯಿತು.

"ಇದೇನಮ್ಮಾ ಇದು?" ಅವರು ಕಾಲರು ಮುಟ್ಟಿ ನೋಡಿಕೊಂಡರು.

"ತಲೆಬಿಸಿ ಸಾರ್. ನಿಮ್ಮೂರಲ್ಲಿ ಏನಂತೀರಿ ಇದಕ್ಕೆ?"

"ನಮ್ಮೂರಲ್ಲೂ ತಲೆಬಿಸಿ ಅಂತಲೇ ಅಂತೀವಿ. ಆದ್ರೆ ಅದು ಬರೀ ಮಾತಿಗೆ!"

"ಇಲ್ಲಿ ಮಾತಿಗಲ್ಲ. ಕಿವಿ ಹಿಡ್ಕೊಂಡು ಬಸ್ಕಿ ಹೊಡೀರಿ, ಇಳೀತೈತೆ."

"ಬಸ್ಕಿಯಾ?" ಆರಡಿಯ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದರು. "ನಾನ್ಯಾಕೆ ಬಸ್ಕಿ ಹೊಡೀಲಿ? ನಾನೇನು ತಪ್ಪು ಮಾಡಿದ್ದೀನಿ?"

ತಪ್ಪು ಮಾಡುವುದಕ್ಕೂ ಬಸ್ಕಿಗೂ ಏನು ಸಂಬಂಧ? ನಮಗೆ ಅರ್ಥವಾಗಲಿಲ್ಲ. ನಾವು ಹದಿನೆಂಟು ಜನ ಅವರ ಮುಖ ನೋಡಿದೆವು. ಅವರು ಬಿಡಿಸಿ ಹೇಳಿದರು. ಅವರ ಊರಲ್ಲಿ ತಪ್ಪು ಮಾಡಿದವರು ಮೇಷ್ಟ್ರ ಮುಂದೆಯೋ ದೇವರ ಮುಂದೆಯೋ ಕಿವಿ ಹಿಡಿದು ಬಸ್ಕಿ ಹೊಡೆಯುತ್ತಾರಂತೆ, ತಪ್ಪಾಯಿತು, ಮನ್ನಿಸಿ ಎಂದು ಕೇಳಿಕೊಳ್ಳುವುದಕ್ಕೆ.

"ಅಂದ್ರೆ," ಹಾಲಮ್ಮ ನಿಧಾನವಾಗಿ ಕೇಳಿದಳು, "ನಾವು ಗಂಟೆಗೊಂದ್ಸಲ ಹೊಡೀತಿದ್ದಿದ್ದು ನಿಮ್ಮ ಹತ್ರ ಮಾಫಿ ಕೇಳೋಕೆ ಅಂದ್ಕೊಂಡ್ರಾ?"

"ಮತ್ತೆ? ದಿನಾ ಎಲ್ಲರೂ ಒಟ್ಟಿಗೆ ಕೇಳ್ತಿದ್ರಲ್ಲ. ನಾನು ಅಂದ್ಕೊಂಡೆ, ಎಷ್ಟು ಒಳ್ಳೇ ಜನ, ಆದ್ರೆ ಎಷ್ಟೊಂದು ತಪ್ಪು ಮಾಡ್ತಾರೆ ಅಂತ. ಗುರುಬಸಮ್ಮನವರಂತೂ..." ಅವರು ನೋಟು ಪುಸ್ತಕ ತೆರೆದು ನೋಡಿದರು. ಹದಿನೈದು, ಹದಿನೆಂಟು, ಇಪ್ಪತ್ತೊಂದು. ಓದುತ್ತ ಓದುತ್ತ ಅವರ ದನಿ ಉಡುಗಿಹೋಯಿತು.

ಮೊದಲು ನಕ್ಕದ್ದು ಪರಸಪ್ಪ. ಆಮೇಲೆ ಯಾರು ಯಾರು ನಕ್ಕರೋ ಗೊತ್ತಿಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ನನಗೆ ನಗುವಿನ ಜತೆಗೆ ಕೋಪವೂ ಬಂತು. ಒಂದು ತಿಂಗಳಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ, ನಿದ್ದೆಯಲ್ಲಿ ತುಪ್ಪದ ಕೋಣೆಯ ಹೊಗೆ ಕಾಣುತ್ತಿತ್ತು.

"ನಗೋದು ಆಮೇಲೆ," ನಾನು ಕೂಗಿದೆ. "ಈ ಮೂವತ್ತನ್ನ ತಣ್ಣೀರಿಗೆ ಹಾಕ್ರೇ ಮೊದ್ಲು! ಸಾರ್, ನೀವು ದೂರ ಸರೀರಿ, ಅಲ್ಲಿ, ಕಂಬದ ಹತ್ರ. ಕಿವಿ ಹಿಡ್ಕೊಳ್ಳಿ."

ಅವರು ಕಂಬದ ಹತ್ತಿರ ಹೋದರು. ನೋಟು ಪುಸ್ತಕವನ್ನು ಪರಸಪ್ಪನ ಕೈಗೆ ಕೊಟ್ಟು, "ಆ ಎರಡು ಕರಗನ್ನೂ ಇವರ ಹೆಸರಿಂದ ತೆಗೆದು ನನ್ನ ಹೆಸರಿಗೆ ಬರೀರಿ" ಎಂದರು. ಆಮೇಲೆ ಉದ್ದನೆಯ ಕೈಗಳನ್ನು ಅಡ್ಡ ಮಾಡಿ, ಕಿವಿ ಹಿಡಿದು, ಬಿಸಿಲಿಗೆ ಬಿಚ್ಚಿಟ್ಟ ಕೊಡೆ ಮಡಚುವ ಹಾಗೆ ಕೂತರು.

"ಒಂದು!" ಎಂದಳು ಹಾಲಮ್ಮ.

ಬೆಣ್ಣೆ ತಣ್ಣೀರಿನಲ್ಲಿ ಗಟ್ಟಿಯಾಯಿತು. ನಮ್ಮ ಕೈ ಓಡುತ್ತಿತ್ತು, ಬಾಯಿ ಎಣಿಸುತ್ತಿತ್ತು. ಐದಕ್ಕೆ ಅವರ ಮೊಣಕಾಲು ಲಟಕ್ಕೆಂದಿತು. ಒಂಬತ್ತಕ್ಕೆ "ಅಮ್ಮಾ" ಅಂದರು. ಹನ್ನೆರಡಕ್ಕೆ ಹಬೆ ನಿಂತಿತು. ಹದಿನಾಲ್ಕಕ್ಕೆ, ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ, ಅವರು ನಕ್ಕರು. ಆ ನಗು ನಮಗೆಲ್ಲ ಗೊತ್ತು, ಬಿಸಿ ಕುತ್ತಿಗೆಯಿಂದ ಇಳಿಯುವಾಗ ಬರುವ ನಗು. ನಲವತ್ತು ದಿನದ ಬಿಸಿ ಒಟ್ಟಿಗೆ ಇಳಿಯುತ್ತಿತ್ತು! "ಅರೇ, ಅರೇ, ಇದೇನಿದು, ಎಷ್ಟು ಹಾಯಾಗಿದೆ!" ಎಂದು ಕೂತಲ್ಲಿಂದಲೇ ಕೂಗಿದರು. ಇಡೀ ಪಡಸಾಲೆ ಹೋ ಎಂದಿತು. ಹತ್ತೊಂಬತ್ತು ಎನ್ನುವಾಗ ನಾನು ಎಂಟುನೂರನೆಯ ಮುದ್ದೆಗೆ ದಾರ ಬಿಗಿದೆ. ಇಪ್ಪತ್ತು ಎನ್ನುವಾಗ ಕೊನೆಯ ಪೆಟ್ಟಿಗೆಗೆ ಒದ್ದೆ ಗೋಣಿ ಹೊದೆಸಿ ಗಾಡಿಗೆ ಹಾಕಿದರು. ಸ್ಟೇಷನ್ ಮೂರು ನಿಮಿಷದ ದಾರಿ, ರೈಲು ಇನ್ನೂ ಹೊಳೆಯ ಹತ್ತಿರ ಶಿಳ್ಳೆ ಹಾಕುತ್ತಿತ್ತು.

"ಇಪ್ಪತ್ತೊಂದು!"

ಪರಸಪ್ಪ ಬೆರಳಲ್ಲಿ ಬೆಣ್ಣೆ ತಂದು ಅವರ ನೆತ್ತಿಯ ಮೇಲೆ ಇಟ್ಟ. ಬೆಣ್ಣೆ ನಿಂತಿತು. ಜಾರಲಿಲ್ಲ, ಹೊಳೆಯಲೂ ಇಲ್ಲ, ಬೆಳ್ಳಗೆ ಗುಂಡಗೆ ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

"ಸಾಕು ಸಾರ್," ನಾನು ಮಣೆ ಬಿಟ್ಟು ಹತ್ತಿರ ಹೋದೆ. "ಪೂರ್ತಿ ಇಳೀತು. ಕಿವಿ ಬಿಡಿ."

ಅವರು ಕಿವಿ ಬಿಡಲಿಲ್ಲ. ಮುಖವೆಲ್ಲ ಬೆವರು, ಏದುಸಿರು, ಕಾಲರಿನ ತುಂಬ ಬೆಣ್ಣೆ. ನನ್ನ ಕಡೆ ತಿರುಗಿ ಸರಿಯಾಗಿ ನನ್ನ ಎದುರಿಗೆ ನಿಂತರು.

"ಗುರುಬಸಮ್ಮನವರೇ, ಇಷ್ಟು ಹೊತ್ತು ಹೊಡೆದದ್ದು ನಿಮ್ಮೂರ ಬಸ್ಕಿ," ಎಂದರು. "ನಮ್ಮೂರದ್ದು ಒಂದು ಬಾಕಿ ಇದೆ."

ನಿಧಾನವಾಗಿ ಕೂತರು. ತಲೆಯ ಮೇಲಿನ ಬೆಣ್ಣೆ ಅಲ್ಲಾಡಲಿಲ್ಲ. ಕೂತವರಿಗೆ ಏಳುವುದಕ್ಕೆ ಕಾಲಲ್ಲಿ ಶಕ್ತಿ ಇರಲಿಲ್ಲ, ಆದರೂ ಕಿವಿಯಿಂದ ಕೈ ತೆಗೆಯಲಿಲ್ಲ. ನಾನೂ ಹಾಲಮ್ಮನೂ ಒಂದೊಂದು ಕಡೆ ತೋಳು ಹಿಡಿದು ಎಬ್ಬಿಸಿದೆವು. ನಮ್ಮೂರಲ್ಲಿ ಅಂಥ ಬಸ್ಕಿಯ ರೂಢಿಯಿಲ್ಲವಲ್ಲ, ಅದನ್ನು ಯಾರೂ ಎಣಿಸಲಿಲ್ಲ.

"ಇಪ್ಪತ್ತೆರಡು," ಎಂದೆ ನಾನು.